ಹಳದಿ ಬ್ಯಾಂಡಿನಿಂದ ಕಪ್ಪು ಬ್ಯಾಂಡಿಗೆ: ನನ್ನ ಮಂಡಿಯ ಕಥೆ

11 ವರ್ಷದಿಂದ ಬೇರೆಯವರ ಕಾಲಿಗೆ ವ್ಯಾಯಾಮದ ಎಲಾಸ್ಟಿಕ್ ಬ್ಯಾಂಡ್ ಕಟ್ಟಿ "ಇನ್ನೊಂದು ಹತ್ತು ಸಲ" ಅನ್ನೋದೇ ನನ್ನ ಕೆಲಸ. ಹೋದ ವರ್ಷ ಬ್ಯಾಡ್ಮಿಂಟನ್ ಆಡುವಾಗ ಮಂಡಿ ತಿರುಚಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಹರಿಯಿತು. ಆಪರೇಷನ್ ಮಾಡಿ ಹೊಸ ಲಿಗಮೆಂಟ್ ಹಾಕಿದರು, ನಾನೇ ಪೇಷಂಟ್ ಆದೆ. ಫಿಸಿಯೋಥೆರಪಿಸ್ಟ್ ಅಲ್ವಾ, ಎಲ್ಲಾ ಗೊತ್ತು ಅಂದುಕೊಂಡಿದ್ದೆ. ನನಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಮೊದಲು ಬೇಕಾಗಿದ್ದು ಸುತ್ತಿದ ಟವೆಲ್ ಅಷ್ಟೇ. ಅದನ್ನು ಹಿಮ್ಮಡಿ ಕೆಳಗಿಟ್ಟು ಮಂಡಿಯನ್ನು ಪೂರ್ತಿ ನೇರವಾಗಲು ಬಿಡಬೇಕು. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯಾಗಿರುತ್ತದೆ, ಆದರೆ ಮಂಡಿ ಸ್ವಲ್ಪ ಮಡಚಿದ ಹಾಗೇ ಬಿಗಿದುಕೊಂಡುಬಿಡುತ್ತದೆ. ಇದನ್ನು ಪೇಷಂಟ್‌ಗಳಿಗೆ ನೂರಾರು ಸಲ ಹೇಳಿದ್ದೀನಿ, ಆದರೂ ಎರಡನೇ ರಾತ್ರಿ ದಿಂಬು ತಂತಾನೇ ಮಂಡಿ ಕೆಳಗೆ ಬಂದಿತ್ತು!

ತೊಡೆಯ ಮುಂಭಾಗದ ಸ್ನಾಯು ಬಿಗಿ ಮಾಡೋಣ ಅಂದರೆ ಏನೂ ಆಗಲಿಲ್ಲ. ಮಂಡಿಯಲ್ಲಿ ಊತ ಇದ್ದಾಗ ಆ ಸ್ನಾಯುವಿಗೆ ಹೋಗಬೇಕಾದ ಸೂಚನೆಯೇ ಕಡಿಮೆಯಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಆದರೆ ಸ್ವಂತ ಕಾಲು ಮಾತು ಕೇಳದಿದ್ದಾಗ ನಿಜವಾಗಿ ಭಯ ಆಗುತ್ತದೆ. ಸ್ನಾಯುವಿಗೆ ಸಣ್ಣ ಕರೆಂಟ್ ಕೊಡುವ ಸ್ಟಿಮ್ಯುಲೇಟರ್‌ನ ಪ್ಯಾಡ್ ಅಂಟಿಸಿಕೊಂಡು, ಕರೆಂಟ್ ಬಂದ ಕ್ಷಣಕ್ಕೆ ನಾನೂ ಬಿಗಿ ಮಾಡುತ್ತಾ, ಮಂಡಿಚಿಪ್ಪಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ನಾಲ್ಕನೇ ದಿನ ಚಿಪ್ಪು ಒಂಚೂರು ಮೇಲಕ್ಕೆ ಜಾರಿತು. ಅಷ್ಟಕ್ಕೇ ಎಲ್ಲರನ್ನೂ ಕರೆದು ತೋರಿಸಿದೆ.

ಸ್ಟ್ಯಾಟಿಕ್ ಸೈಕಲ್ ಹತ್ತಿದ್ದು ಮೂರನೇ ವಾರ. ಪೂರ್ತಿ ಸುತ್ತು ಬರಬೇಕಾದರೆ ಮಂಡಿ ಸುಮಾರು 105ರಿಂದ 110 ಡಿಗ್ರಿ ಮಡಚಬೇಕು, ನನ್ನದು ಇನ್ನೂ ಅಷ್ಟು ಬರುತ್ತಿರಲಿಲ್ಲ. ಅದಕ್ಕೆ ಸೀಟ್ ಎತ್ತರ ಮಾಡಿ, ಪೆಡಲನ್ನು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗಿದೆ. ಪೂರ್ತಿ ಸುತ್ತು ಮೊದಲು ಬಂದಿದ್ದು ಹಿಮ್ಮುಖವಾಗಿ. ಮುಂದಕ್ಕೆ ಬರಲು ಇನ್ನೂ ಎರಡು ದಿನ ಬೇಕಾಯಿತು. ಮಂಡಿ ಮಡಚುವ ಬದಲು ಸೊಂಟ ಎತ್ತಿ ಕಳ್ಳಾಟ ಆಡೋದು ಎಷ್ಟು ಸಲೀಸು ಅಂತ ಆಗಲೇ ಗೊತ್ತಾಗಿದ್ದು.

ಬ್ಯಾಂಡ್ ವಿಷಯಕ್ಕೆ ಬರೋಣ. ನಾನು ಬಳಸುವ ಥೆರಾಬ್ಯಾಂಡ್ ಕಂಪನಿಯ ಬ್ಯಾಂಡ್‌ಗಳಲ್ಲಿ ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು ಅಂತ ಬಿಗಿ ಏರುತ್ತದೆ. ಮೂಲ ಉದ್ದದ ಎರಡರಷ್ಟು ಆಗುವ ತನಕ ಎಳೆದಾಗ ಹಳದಿ ಸುಮಾರು 1.3 ಕೆಜಿ, ಕಪ್ಪು ಸುಮಾರು 3.3 ಕೆಜಿ ಬಲ ಕೊಡುತ್ತದೆ. ಅಂದರೆ ಬಣ್ಣ ಒಂದೇ ಲೆಕ್ಕ ಅಲ್ಲ, ಎಷ್ಟು ಎಳೀತೀರಿ ಅನ್ನೋದೂ ಲೆಕ್ಕ. ತುಂಡು ಗಿಡ್ಡ ಹಿಡಿದರೆ ಹಳದಿಯೂ ಬೆವರಿಳಿಸುತ್ತದೆ. ಬೇರೆ ಕಂಪನಿಗಳ ಬಣ್ಣಗಳು ಬೇರೆ ಥರ ಇರುತ್ತವೆ, ಸುಮ್ನೆ ಬಣ್ಣ ನೋಡಿ ಕೊಳ್ಳಬೇಡಿ.

ನಾನು ಜಾಸ್ತಿ ಬಳಸಿದ್ದು ಒಂದೇ ವ್ಯಾಯಾಮಕ್ಕೆ. ಬ್ಯಾಂಡನ್ನು ಮಂಚದ ಕಾಲಿಗೆ ಕಟ್ಟಿ, ಕುಣಿಕೆ ಮಂಡಿಗಿಂತ ಸ್ವಲ್ಪ ಮೇಲೆ ತೊಡೆಯ ಹಿಂದೆ ಬರುವ ಹಾಗೆ ಹಾಕಿ, ನಿಂತುಕೊಂಡು ಮಂಡಿಯನ್ನು ನಿಧಾನಕ್ಕೆ ಹಿಂದಕ್ಕೆ ನೇರ ಮಾಡೋದು. ಕೊನೆಯ ಹತ್ತು ಹದಿನೈದು ಡಿಗ್ರಿ ಅಲ್ಲೇ ಸಿಗುತ್ತದೆ. ಒಂದು ದಿನ ಕೂತು ಪಾದಕ್ಕೆ ಬ್ಯಾಂಡ್ ಸುತ್ತಿ ಎಳೆಯುವಾಗ ಅದು ಜಾರಿ ನೇರ ಗದ್ದಕ್ಕೆ ಬಡಿಯಿತು. ಆಮೇಲಿಂದ ದಿನಾ ಬಳಸುವ ಮೊದಲು ಬೆಳಕಿಗೆ ಹಿಡಿದು ಸಣ್ಣ ಹರಕು ಇದೆಯಾ ನೋಡುತ್ತೀನಿ, ಸಾಕ್ಸ್ ಮೇಲಂತೂ ಸುತ್ತೋದೇ ಇಲ್ಲ.

ಐದನೇ ವಾರ ದುರಾಸೆ ಬಂತು. ಯಾರೂ ನೋಡುತ್ತಿಲ್ಲ ಅಂತ ಕುರ್ಚಿ ಮೇಲೆ ಕೂತು, ಕಣಕಾಲಿಗೆ 2 ಕೆಜಿ ತೂಕ ಕಟ್ಟಿ, ಕಾಲು ಪೂರ್ತಿ ನೇರ ಎತ್ತಿದೆ. ಹೊಸ ಲಿಗಮೆಂಟ್‌ಗೆ ಅಷ್ಟು ಬೇಗ ಅದು ಒಳ್ಳೆಯದಲ್ಲ, ಕಾಲು ನೇರ ಆಗುವ ಹೊತ್ತಿಗೆ ಸ್ನಾಯು ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮಂಡಿ ಉಬ್ಬಿತ್ತು. ಅಳತೆ ಟೇಪ್ ಸುತ್ತಿ ನೋಡಿದೆ, ಹಿಂದಿನ ದಿನಕ್ಕಿಂತ ಒಂದೂವರೆ ಸೆಂಟಿಮೀಟರ್ ಜಾಸ್ತಿ. ಜೊತೆಗೆ ಕೆಲಸ ಮಾಡುವವಳು ಫೋನಿನಲ್ಲಿ ಕೇಳಿದ್ದು ಇಷ್ಟೇ: "ನಿಮ್ಮ ಪೇಷಂಟ್ ಹೀಗೆ ಮಾಡಿದ್ರೆ ಬಿಡ್ತಿದ್ರಾ ಮೇಡಂ?" ನಾಲ್ಕು ದಿನ ಐಸು, ಟವೆಲ್ಲು, ಮತ್ತೆ ಹಳದಿ ಬ್ಯಾಂಡು.

ಅವತ್ತಿನಿಂದ ಟೇಪ್ ಹೇಳಿದಂತೆ ನಡೆದೆ. ಮಂಡಿಚಿಪ್ಪಿನ ನಡುವೆ ಒಂದು ಗೆರೆ, ಅದಕ್ಕಿಂತ 10 ಸೆಂಟಿಮೀಟರ್ ಮೇಲೆ ಒಂದು ಗೆರೆ, ಎರಡೂ ಪೆನ್ನಿನಲ್ಲಿ. ಕೆಳಗಿನದು ಊತಕ್ಕೆ, ಮೇಲಿನದು ತೊಡೆ ಎಷ್ಟು ಸೊರಗಿದೆ ಅಂತ ನೋಡಲು. ಬೆಳಿಗ್ಗೆ ಊತ ಏರಿದ್ದರೆ ಅವತ್ತು ಭಾರ ಇಳಿಸುತ್ತಿದ್ದೆ, ಏರದಿದ್ದರೆ ಮಾತ್ರ ಮುಂದೆ.

ನಾಲ್ಕನೇ ತಿಂಗಳು ಲೆಗ್ ಪ್ರೆಸ್, ಅಂದರೆ ಕಾಲಿನಿಂದ ಭಾರ ತಳ್ಳುವ ಯಂತ್ರ. ಅಲ್ಲಿ ಡೆಲಾರ್ಮ್ ಅನ್ನುವ ಅಮೆರಿಕದ ಸೇನೆಯ ವೈದ್ಯರ ಲೆಕ್ಕ ಹಿಡಿದೆ. ಹತ್ತೇ ಸಲ ತಳ್ಳಲಾಗುವ ಭಾರ ಕಂಡುಕೊಂಡು, ಮೊದಲ ಸೆಟ್ (ಹತ್ತು ಸಲದ ಒಂದು ಸರದಿ) ಅದರ ಅರ್ಧ, ಎರಡನೆಯದು ಮುಕ್ಕಾಲು, ಮೂರನೆಯದು ಪೂರ್ತಿ. ನನಗೆ ಅದು 20, 30, 40 ಕೆಜಿ ಆಯಿತು. 1945ರಲ್ಲಿ ಅವರು ಬರೆದಾಗ 7ರಿಂದ 10 ಸೆಟ್ ಇತ್ತು, 1948ರಲ್ಲಿ ಅವರೇ ಮೂರಕ್ಕೆ ಇಳಿಸಿದರು. ಪುಣ್ಯ! ಅವರೂ ಹುಡುಗನಾಗಿದ್ದಾಗ ಕಾಯಿಲೆ ಬಿದ್ದು, ಭಾರ ಎತ್ತಿಯೇ ಚೇತರಿಸಿಕೊಂಡವರು.

ವಾಬಲ್ ಬೋರ್ಡ್, ಅಂದರೆ ಸಮತೋಲನ ಅಭ್ಯಾಸಕ್ಕಿರುವ ಅಲುಗಾಡುವ ಹಲಗೆ, ಬಗ್ಗೆ ಜಾಸ್ತಿ ಹೇಳೋಕಿಲ್ಲ. ಹಲ್ಲುಜ್ಜುವಾಗ ಅದರ ಮೇಲೆ ನಿಲ್ಲುತ್ತಿದ್ದೆ, ಗೋಡೆ ಕೈಗೆ ಸಿಗುವ ಹಾಗೆ.

ಈಗ ಹತ್ತನೇ ತಿಂಗಳು. ಊತ ಇಲ್ಲ, ಬ್ಯಾಂಡ್ ಕಪ್ಪಿಗೆ ಬಂದಿದೆ, ಆದರೆ ಮೇಲಿನ ಗೆರೆಯಲ್ಲಿ ಆ ತೊಡೆ ಇನ್ನೂ ಒಂದು ಸೆಂಟಿಮೀಟರ್ ಸಣ್ಣ. ಬ್ಯಾಡ್ಮಿಂಟನ್ ರಾಕೆಟ್ ಕಪಾಟಿನ ಮೇಲೇ ಇದೆ.