ದಿನಾ ನೈಂಟಿ ಹಾಕುವವರು ಮೂಳೆ ಉಳಿಸಿಕೊಳ್ಳುವುದು ಹೇಗೆ?

ಕುಡಿತ ಅಂದ ಕೂಡಲೇ ಎಲ್ಲರಿಗೂ ಲಿವರ್ ನೆನಪಾಗುತ್ತದೆ. ಮೂಳೆಯ ಸುದ್ದಿ ಯಾರೂ ಎತ್ತುವುದಿಲ್ಲ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ತನಕ.

ಮೊದಲು ಲೆಕ್ಕ ಹಾಕಿ. ವಿಸ್ಕಿ, ರಮ್ಮು, ಬ್ರಾಂದಿ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ 42.8% ಅಂತಿರುತ್ತದೆ. ಅಂದರೆ 30 ಎಂ.ಎಲ್. ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್, ಅಂದಾಜು ಒಂದು ಯೂನಿಟ್. ಮೂಳೆ ಮುರಿಯುವ ಸಾಧ್ಯತೆ ಅಳೆಯಲು ಡಾಕ್ಟರುಗಳು ಬಳಸುವ ಫ್ರ್ಯಾಕ್ಸ್ ಲೆಕ್ಕದಲ್ಲಿ ದಿನಕ್ಕೆ 3 ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವುದೂ ಒಂದು ಅಪಾಯ. ಮೂರು ಪೆಗ್ ಅಂದರೆ ಎಷ್ಟು? ಒಂದು ನೈಂಟಿ! 'ಬರೀ ನೈಂಟಿ ಕಣ್ರೀ' ಅನ್ನುವವರೂ ಗೆರೆ ಮುಟ್ಟಿಯಾಯಿತು. 8% ಇರುವ 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಸುಮಾರು 4 ಯೂನಿಟ್, ಅದಕ್ಕೂ ವಿನಾಯಿತಿಯಿಲ್ಲ.

ನಮ್ಮ ಮೂಳೆ ಸುಮ್ನೆ ಕೂತಿರುವುದಿಲ್ಲ, ಹಳೆಯದು ಕರಗಿ ಹೊಸದು ಕಟ್ಟುತ್ತಲೇ ಇರುತ್ತದೆ. ಕುಡಿತ ಜಾಸ್ತಿಯಾದರೆ ಕಟ್ಟುವ ಜೀವಕೋಶಗಳು ಮಂಕಾಗುತ್ತವೆ. ಲಿವರ್ ಕೆಟ್ಟರೆ ವಿಟಮಿನ್ ಡಿ ಕೆಲಸವೂ ಕೆಡುತ್ತದೆ, ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಾಗಾಗಿ ಕುಡಿಯುತ್ತಲೇ ಇದ್ದು ಮಾತ್ರೆ ನುಂಗಿದರೆ ದೊಡ್ಡ ಪ್ರಯೋಜನ ಕಾಣೆ.

ಆಮೇಲೆ ಒಂದು ಪರೀಕ್ಷೆ ಮನೆಯಲ್ಲೇ ಮಾಡಿ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ. ತೊಡೆಸಂದಿನಲ್ಲಿ ನೋವು ಬಂದು, ಇತ್ತೀಚೆಗೆ ಕಾಲು ಮಡಚಲೇ ಆಗುತ್ತಿಲ್ಲ ಅನ್ನಿಸಿದರೆ ಅಸಡ್ಡೆ ಬೇಡ. ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಸಾಯುವ ಕಾಯಿಲೆಯೊಂದಿದೆ, ಎವಿಎನ್ ಅಂತಾರೆ. ಅದಕ್ಕೆ ಸ್ಟೀರಾಯ್ಡ್ ಜೊತೆ ಕುಡಿತವೂ ದೊಡ್ಡ ಕಾರಣ. ವಯಸ್ಸಾದವರಿಗೇ ಬರಬೇಕೆಂದಿಲ್ಲ, ಮೂವತ್ತು-ನಲವತ್ತರವರಿಗೂ ಬರುತ್ತದೆ. ನೋವು ಕೆಲವೊಮ್ಮೆ ಮೊಣಕಾಲಿಗೆ ಇಳಿಯುತ್ತದೆ, ಜನ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂರುತ್ತಾರೆ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗೇ ಕಾಣಬಹುದು, ಎಂಆರ್‌ಐ ಬೇಕಾಗುತ್ತದೆ.

ಐವತ್ತು ದಾಟಿದ್ದರೆ ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಅದರಲ್ಲಿ ಬರುವ ಟಿ-ಸ್ಕೋರ್ ಅನ್ನುವ ಅಂಕ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಅಂತಲೇ.

ಊಟದ ವಿಷಯ ನಮಗೆ ಹೊಸದಲ್ಲ: ರಾಗಿ, ಮೊಸರು, ಸೊಪ್ಪು, ಬಿಸಿಲಲ್ಲಿ ನಡಿಗೆ.

ಇನ್ನು ಬಿಡುವುದು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಜೀವಕ್ಕೇ ಕುತ್ತಾಗಬಹುದು. ಡಾಕ್ಟರ ನಿಗಾದಲ್ಲಿ ಬಿಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ, ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ.