ಪಕ್ಕದ ಮನೆ ಸದ್ದು ನಮ್ಮನೆಗೆ ಬರದ ಹಾಗೆ ಮಾಡೂದು ಹೇಗೆ?

ಕಾರವಾರದ ನಮ್ಮ ಫ್ಲ್ಯಾಟ್‌ನಲ್ಲಿ ಬೆಳಿಗ್ಗೆ ಏಳೂವರೆ ಆಯ್ತು ಅಂದ್ರೆ ಮೇಲಿನ ಮನೇಲಿ ಮಿಕ್ಸರ್ ಶುರು, ಮೀನ್ ಸಾರಿಗೆ ಕಾಯಿ ಅರೆಯೂದು, ಅದು ನಿಲ್ಲೋ ಹೊತ್ತಿಗೆ ಪಕ್ಕದ ಮನೆ ಟಿವಿ, ಆಮೇಲೆ ಯಾರೋ ಕುರ್ಚಿ ಎಳೀತಾರೆ. ನಮ್ಮನೆಯವ್ರು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗೂದು ಅದೇ ಹೊತ್ತಿಗೆ. ಕೈಗಾ ಅಣು ವಿದ್ಯುತ್ ಸ್ಥಾವರ, ಬಂದರು, ಆಸ್ಪತ್ರೆ ಅಂತ ಶಿಫ್ಟಲ್ಲಿ ದುಡಿಯೋರು ತುಂಬ ಇರೋ ಊರು ಇದು, ಹಗಲು ನಿದ್ದೆ ಕೆಟ್ಟವ್ರ ಕಷ್ಟ ಆ ಮನೆಯವ್ರಿಗೇ ಗೊತ್ತು.

ಮೊದಲು ನಾವು ಮಾಡಿದ್ದು, ಆನ್‌ಲೈನಲ್ಲಿ ಸಿಗೋ ಕಪ್ಪು ಫೋಮ್ ಶೀಟ್ ತರಿಸಿ ಬೆಡ್‌ರೂಮಿನ ಗೋಡೆ ತುಂಬ ಅಂಟಿಸಿದ್ದು. ಟಿವಿ ಸದ್ದು ಒಂಚೂರೂ ಕಡಿಮೆ ಆಗ್ಲಿಲ್ಲ, ಜುಲೈ ಮಳೆಗೆ ಅದರ ಹಿಂದೆಲ್ಲ ಬೂಷ್ಟು ಹಿಡೀತು, ಕಿತ್ತು ಬಿಸಾಡಿದ್ವಿ. ದಯವಿಟ್ಟು ಈ ದುಡ್ಡು ನೀವು ಕಳೀಬೇಡಿ. ಫೋಮ್ ಆಗ್ಲಿ ಮೊಟ್ಟೆ ಟ್ರೇ ಆಗ್ಲಿ ರೂಮಿನ ಒಳಗಿನ ಪ್ರತಿಧ್ವನಿ ಹೀರ್ಕೊಳ್ತದೆ ಅಷ್ಟೇ, ಹೊರಗಿನ ಸದ್ದು ತಡೀಲಿಕ್ಕೆ ತೂಕ ಬೇಕು, ಗಾಳಿ ನುಸುಳದ ಹಾಗೆ ಬಿಗಿ ಬೇಕು. ಇವೆರಡೂ ಫೋಮಿಗಿಲ್ಲ.

ಹಾಗಾಗಿ ಮೊದಲ ಕೆಲಸ ಸದ್ದು ಎಲ್ಲಿಂದ, ಹೇಗೆ ಬರ್ತದೆ ಅಂತ ಪತ್ತೆ ಮಾಡೂದು. ಮಾತು, ಟಿವಿ, ನಾಯಿ ಬೊಗಳೂದು ಗಾಳೀಲಿ ಬರೋ ಸದ್ದು. ಕುರ್ಚಿ ಎಳೆಯೂದು, ಮಕ್ಕಳು ಕುಣಿಯೂದು, ವಾಷಿಂಗ್ ಮೆಷಿನ್ನು ಇವು ಸ್ಲ್ಯಾಬಿಗೇ ಪೆಟ್ಟು ಕೊಟ್ಟು ಗೋಡೆ ಒಳಗಿಂದ ಇಳೀತಾವೆ, ಅಂಗೈ ಗೋಡೆಗೆ ಒತ್ತಿದ್ರೆ ಸಣ್ಣಗೆ ನಡುಗಿದ್ದು ಸಿಗ್ತದೆ. ಎರಡಕ್ಕೂ ಔಷಧ ಬೇರೆ ಬೇರೆ.

ಗಾಳೀಲಿ ಬರೋದಕ್ಕೆ ಸಂದು ಮುಚ್ಚೂದೇ ದೊಡ್ಡ ಕೆಲಸ, ಖರ್ಚೂ ಕಮ್ಮಿ, ನನ್ನ ಕೇಳಿದ್ರೆ ಇದು ಮುಗಿಯೋ ತನಕ ಬೇರೆ ಯಾವುದಕ್ಕೂ ಕೈ ಹಾಕ್ಬೇಡಿ. ರಾತ್ರಿ ರೂಮಿನ ಲೈಟ್ ಆರಿಸಿ ಬಾಗಿಲು ಹಾಕಿ ಒಳಗೆ ನಿಲ್ಲಿ, ಆಚೆ ಕಡೆ ಯಾರಾದ್ರೂ ಟಾರ್ಚ್ ಹಿಡೀಲಿ. ನಮ್ಮ ಬಾಗಿಲ ಕೆಳಗೆ ಕಿರುಬೆರಳು ತೂರೋವಷ್ಟು ಉದ್ದಕ್ಕೂ ಬೆಳಕು, ಚೌಕಟ್ಟು ಮತ್ತೆ ಗೋಡೆ ಮಧ್ಯ ಪ್ಲಾಸ್ಟರ್ ಬಿಟ್ಟಲ್ಲಿ ಗೆರೆಯಂಥ ಬೆಳಕು. ಆಮೇಲೆ ಫ್ಯಾನ್ ಆಫ್ ಮಾಡಿ ಊದುಬತ್ತಿ ಹಚ್ಚಿ ಕಿಟಕಿ ಅಂಚು, ಏಸಿ ಪೈಪ್ ಹೋದ ತೂತು, ಸ್ವಿಚ್‌ಬೋರ್ಡ್ ಸುತ್ತ ಮೆಲ್ಲಗೆ ಆಡಿಸಿ, ಹೊಗೆ ಎಲ್ಲಿ ಓಲಾಡ್ತದೋ ಅಲ್ಲಿ ಪೆನ್ಸಿಲಲ್ಲಿ ಗುರುತು ಹಾಕಿ. ನಮ್ಮನೇಲಿ ಹದಿನೊಂದು ಗುರುತಾದ್ವು.

ಬೆರಳು ಗಾತ್ರದ ತೂತಿಗೆ ಮೊದಲು ಸಿಮೆಂಟ್ ಗಾರೆ ತುಂಬಿ, ತೆಳು ಬಿರುಕಿಗೆ ಸೀಲಂಟ್, ಅಂದ್ರೆ ಟ್ಯೂಬಿಂದ ಒತ್ತಿ ಸಂದಿಗೆ ತುಂಬೋ ಅಂಟು. ಪೇಂಟ್ ಹೊಡೀಬೇಕಿದ್ರೆ ಅಕ್ರಿಲಿಕ್ ತಗೊಳ್ಳಿ, ಸಿಲಿಕೋನಿನ ಮೇಲೆ ಪೇಂಟ್ ನಿಲ್ಲೂದಿಲ್ಲ. ಸ್ಪ್ರೇ ಫೋಮ್ ಹಗುರ, ಅದೊಂದನ್ನೇ ನಂಬ್ಕೋಬೇಡಿ. ಸ್ವಿಚ್‌ಬೋರ್ಡ್ ನಮ್ಮದರ ಬೆನ್ನಿಗೇ ಅವರದ್ದೂ ಇದ್ರೆ ಅಲ್ಲಿ ಗೋಡೇನೇ ಇಲ್ಲದ ಹಾಗೆ, ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಶಿಯನ್ ಹತ್ರ ಪೆಟ್ಟಿಗೆ ಸುತ್ತ ಗಾರೆ ತುಂಬಿಸಿ, ನೀವೇ ಕೈ ಹಾಕ್ಬೇಡಿ. ಬಾಗಿಲು ಬಡಿದ್ರೆ ಡಬ್ಬಿ ತರ ಸದ್ದು ಬಂತು ಅಂದ್ರೆ ಒಳಗೆ ಟೊಳ್ಳು, ಆದ್ರೆ ತಟ್ಟನೆ ಬದಲಾಯಿಸೂದು ಬೇಡ, ಮೊದಲು ಚೌಕಟ್ಟಿನ ಮೂರು ಕಡೆ ರಬ್ಬರ್ ಪಟ್ಟಿ, ಕೆಳಗೆ ನೆಲಕ್ಕೆ ತಾಗೋ ರಬ್ಬರ್ ಪಟ್ಟಿ ಹಾಕಿ ನೋಡಿ. ಬಾತ್‌ರೂಮಿನ ವೆಂಟಿಲೇಟರ್ ಮಾತ್ರ ಮುಚ್ಚಲೇಬೇಡಿ, ಪಕ್ಕದವ್ರ ಫೋನ್ ಮಾತು ಡಕ್ಟಲ್ಲಿ (ಬಾತ್‌ರೂಮುಗಳ ಪೈಪ್ ಇಳಿಯೋ ಕಿಂಡೀಲಿ) ಕೇಳೂದು ಹೌದು, ಆದ್ರೆ ನಮ್ಮ ಹವೆಗೆ ಅದು ಮುಚ್ಚಿದ್ರೆ ಗೋಡೆ ಪಾಚಿಗಟ್ತದೆ, ಬದಲಿಗೆ ಬಾತ್‌ರೂಮಿನ ಬಾಗಿಲಿಗೆ ಪಟ್ಟಿ ಹಾಕಿ.

ಕಿಟಕಿ ವಿಷಯ ಹೇಳೂದಾದ್ರೆ ಎಳೆಯೋ ಅಲ್ಯೂಮಿನಿಯಮ್ ಕಿಟಕೀಲಿ ಸಂದು ಇದ್ದೇ ಇರ್ತದೆ. ಹೆದ್ದಾರಿ 66ರ ಪಕ್ಕ ಇರೋರಿಗೆ ಬಾಗಿಲ ಹಾಗೆ ತೆರೆಯೋ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ, ಒಳಗೆ ರಬ್ಬರ್ ಬಿಗಿಯೋ ತರದ್ದು, ಅದಕ್ಕೆ ಲ್ಯಾಮಿನೇಟೆಡ್ ಗಾಜು, ಅಂದ್ರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರೋದು, ಒಳ್ಳೇದು. ದಪ್ಪ ಪರದೆಯಿಂದ ಹೆಚ್ಚೇನೂ ಆಗೂದಿಲ್ಲ.

ಇಷ್ಟೆಲ್ಲ ಆದ್ಮೇಲೂ ಗೋಡೆಯಿಂದ ಟಿವಿ ಕೇಳ್ತಾ ಇದ್ರೆ, ಸ್ವಂತ ಮನೆ ಆಗಿದ್ರೆ, ಆಗ ಗೋಡೆ ಕೆಲಸ. ಗೋಡೆ ತೂಕ ಎರಡು ಪಟ್ಟಾದ್ರೂ ಹೆಚ್ಚುಕಮ್ಮಿ 6 ಡೆಸಿಬಲ್ ಇಳೀತದೆ ಅಷ್ಟೇ, ಕಿವಿಗೆ ಅರ್ಧ ಆಯ್ತು ಅನ್ನಿಸ್ಲಿಕ್ಕೆ ಸುಮಾರು 10 ಇಳೀಬೇಕು. ಅದಕ್ಕೇ ಇಟ್ಟಿಗೆ ಮೇಲೆ ಇಟ್ಟಿಗೆ ಕಟ್ಟೋದ್ರಲ್ಲಿ ಅರ್ಥ ಇಲ್ಲ, ಸ್ಲ್ಯಾಬಿಗೂ ಭಾರ. ಹಳೇ ಗೋಡೆಗೆ ತಾಗದ ಹಾಗೆ ಒಂದಿಂಚು ಬಿಟ್ಟು ಜಿಐ ಚಾನೆಲ್ (ಸತು ಲೇಪಿಸಿದ ತಗಡಿನ ಚೌಕಟ್ಟು) ನಿಲ್ಲಿಸಿ, ಚಾನೆಲ್ ನೆಲಕ್ಕೆ ಸೀಲಿಂಗಿಗೆ ತಾಗೋ ಕಡೆ ರಬ್ಬರ್ ಟೇಪ್, ಒಳಗೆ 50 ಎಂಎಂ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಹಾಸು), ಮೇಲೆ 12.5 ಎಂಎಂ ಬೋರ್ಡ್ (ಯಾವ ಬೋರ್ಡ್ ಅಂತ ಕೆಳಗೆ ಹೇಳ್ತೇನೆ) ಎರಡು ಪದರ, ಮೊದಲ ಪದರದ ಜೋಡಣೆ ಮೇಲೆ ಎರಡನೇದರ ಜೋಡಣೆ ಬರಬಾರದು, ಅಂಚಿಗೆಲ್ಲ ಸೀಲಂಟ್. ರೂಮು ನಾಲ್ಕಿಂಚು ಚಿಕ್ಕದಾಗ್ತದೆ. ಒಂದೇ ಒಂದು ಸ್ಕ್ರೂ ಹಳೇ ಗೋಡೆಗೆ ತಾಗಿದ್ರೂ ಸದ್ದು ಅದನ್ನೇ ಹಿಡ್ಕೊಂಡು ಬರ್ತದೆ, ಹಾಗಾಗಿ ಕೆಲಸ ನಡೆಯೋವಾಗ ಪಕ್ಕದಲ್ಲೇ ನಿಂತು ನೋಡಿ.

ಕರಾವಳಿಯವ್ರಿಗೆ ಇಲ್ಲೊಂದು ಮಾತು ಒತ್ತಿ ಹೇಳ್ಬೇಕು. ಮಾಮೂಲಿ ಬಿಳೀ ಜಿಪ್ಸಮ್ ಬೋರ್ಡ್ ನಮ್ಮ ಮಳೆಗಾಲ ತಡ್ಕೊಳ್ಳೂದಿಲ್ಲ, ತೇವ ತಡೆಯೋ ಹಸಿರು ಬೋರ್ಡ್ ಇಲ್ಲಾ ಸಿಮೆಂಟ್ ಬೋರ್ಡ್ ಕೇಳಿ. ಗೋಡೆ ಜಿನುಗ್ತದಾ ಅಂತ ಮಳೇಲೇ ನೋಡ್ಕೊಳ್ಳಿ, ಜಿನುಗೂದಾದ್ರೆ ಮೊದಲು ಹೊರಗಿಂದ ವಾಟರ್‌ಪ್ರೂಫಿಂಗ್, ಆಮೇಲೆ ಜನವರಿ ದಾಟಿ ಗೋಡೆ ಪೂರ್ತಿ ಒಣಗಿದ ಮೇಲೆ ಈ ಕೆಲಸ. ಹಸಿ ಗೋಡೆ ಮುಚ್ಚಿದ್ರೆ ಒಳಗೇ ಕೊಳೀತದೆ, ಆ ಗಾಳೀಲಿ ಮಕ್ಕಳು ಮಲಗೂದು.

ಶಿರಸಿ ಕಡೆಯ ಹಳೇ ಹಂಚಿನ ಮನೆ ಎರಡು ಭಾಗ ಮಾಡಿ ಬಾಡಿಗೆಗೆ ಕೊಟ್ಟಲ್ಲಿ ಕಷ್ಟವೇ ಬೇರೆ. ಚಿರೇಕಲ್ಲಿನ ಗೋಡೆ ದಪ್ಪ ಇರ್ತದೆ, ಆದ್ರೆ ನಡುಗೋಡೆ ಹಂಚಿನ ತನಕ ಹೋಗಿರೂದೇ ಇಲ್ಲ, ಆಚೆಯವ್ರು ಕೆಮ್ಮಿದ್ದು ಗೋಡೆ ಹಾರಿ ಈಚೆ ಬೀಳ್ತದೆ. ಅಲ್ಲಿ ಗೋಡೆಗೆ ಎಂತ ಮಾಡಿದ್ರೂ ದಂಡ, ಗೋಡೆ ತಲೆಯಿಂದ ಹಂಚಿನ ತನಕ ಎರಡೂ ಕಡೆ ಸಿಮೆಂಟ್ ಬೋರ್ಡ್, ನಡುವೆ ರಾಕ್‌ವೂಲ್ ತುಂಬಿಸಿ. ಕಲ್ಲು ಹಾಗೇ ಬಿಟ್ಟಿದ್ರೆ ಒಂದು ಕಡೆಗಾದ್ರೂ ಗಿಲಾಯಿ ಮಾಡಿಸಿ, ಚಿರೇಕಲ್ಲಲ್ಲಿ ತೂತು ಜಾಸ್ತಿ.

ಇನ್ನು ಮೇಲಿನ ಮನೆ ಪೆಟ್ಟಿನ ಸದ್ದು. ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿದ್ರೆ ಸ್ವಲ್ಪ ಇಳೀತದೆ, ಆದ್ರೆ ಉಳಿದದ್ದು ಪಕ್ಕದ ಗೋಡೆಯಿಂದ ಇಳಿದು ಬರ್ತದೆ. ಹುಟ್ಟೋ ಜಾಗದಲ್ಲೇ ತಡೆದ್ರೆ ಮಾತ್ರ ಸರಿಯಾದ ಫಲ, ಅಂದ್ರೆ ಮೆಟ್ಟಿಲು ಹತ್ತಿ ಹೋಗಿ ಮಾತಾಡೂದೇ. ನಾನು ಸಂಜೆ ಹೊತ್ತು ನೋಡಿ ಹೋದೆ, “ಅಕ್ಕಾ, ಇವರು ಬೆಳಿಗ್ಗೆ ಮಲಗ್ತಾರೆ, ಮಿಕ್ಸರ್ ಕೆಳಗೆ ಇದೊಂದು ಇಟ್ಕೊಳ್ತೀರಾ” ಅಂತ ದಪ್ಪ ರಬ್ಬರ್ ಮ್ಯಾಟಿನ ತುಂಡು, ಕುರ್ಚಿ ಕಾಲಿಗೆ ಅಂಟಿಸೋ ಫೆಲ್ಟ್ ಬಿಲ್ಲೆ ಕೊಟ್ಟೆ. “ಅಯ್ಯ, ಕೆಳಗೆ ಇಷ್ಟು ಕೇಳ್ತದೆ ಅಂತ ಗೊತ್ತೇ ಇರ್ಲಿಲ್ಲ, ಮೊದ್ಲೇ ಹೇಳೂದಲ್ವಾ” ಅಂದ್ರು, ಮರುದಿನದಿಂದ ಕಟ್ಟೆ ಮೇಲೆ ಗೋಡೆಗೆ ತಾಗಿಸಿ ಇಡ್ತಿದ್ದ ಮಿಕ್ಸರ್ ಈಚೆ ಎಳೆದಿಟ್ರು. ನಾವು ಖರ್ಚು ಮಾಡಿದ್ರಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಅದೇ ಮ್ಯಾಟು. ವಾಷಿಂಗ್ ಮೆಷಿನ್ ಕಾಲಿಗೂ ಇಂಥದ್ದೇ ರಬ್ಬರ್ ಪ್ಯಾಡ್ ಸಿಗ್ತದೆ.

ಮಾತು ಕೇಳದವ್ರೂ ಇರ್ತಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ ಅಂದ್ರೆ ಹತ್ತರಿಂದ ಬೆಳಿಗ್ಗೆ ಆರು. ಮೊದಲು ಅಸೋಸಿಯೇಷನ್ ಮೀಟಿಂಗಲ್ಲಿ ದಿನ, ಸಮಯ ಬರೆದಿಟ್ಕೊಂಡು ಹೇಳಿ, ರಾತ್ರಿ ಸ್ಪೀಕರ್ ಹಚ್ಚಿ ನಿಲ್ಲಿಸೂದೇ ಇಲ್ಲ ಅಂದ್ರೆ 112ಕ್ಕೆ ಫೋನ್ ಮಾಡಿ.

ಹಾಕಿದ ರಬ್ಬರ್ ಪಟ್ಟಿ ಶಾಶ್ವತ ಅಂದ್ಕೋಬೇಡಿ, ಉಪ್ಪು ಗಾಳಿ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡ್ತದೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅಕ್ಟೋಬರಲ್ಲಿ ಒಂದ್ಸಲ ಊದುಬತ್ತಿ ಹಚ್ಚಿ ಬಾಗಿಲು ಕಿಟಕಿ ಅಂಚೆಲ್ಲ ಆಡಿಸಿ ನೋಡಿ, ಹೊಗೆ ಓಲಾಡಿದಲ್ಲಿ ಹಳೇ ಪಟ್ಟಿ ಕಿತ್ತು ಹೊಸದು ಹಾಕಿ.