‘ಫೇಲ್’ ಜೊತೆ ನನ್ನ ಒಂದೂವರೆ ವರ್ಷ

ಇಂಗ್ಲಿಷಿನ ‘ಫೇಲ್’ ಬಂದಲ್ಲೆಲ್ಲ ‘ವಿಫಲ’ ಹಾಕಿ ಮುಂದೆ ಹೋಗು ಅಂದವರೇ ಜಾಸ್ತಿ. ನಾನೂ ಮೂರ್ನಾಲ್ಕು ವರ್ಷ ಅದನ್ನೇ ಮಾಡಿದೆ. ಪದಕ್ಕೆ ಒಂದು ರೂಪಾಯಿ ಸಿಗುವ ಅನುವಾದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಪೆಟ್ಟು ಬಿದ್ದದ್ದು ರೋಗಿಗಳ ಕೈಪಿಡಿಯೊಂದರಲ್ಲಿ. ‘ಹಾರ್ಟ್ ಫೇಲ್ಯೂರ್’ಗೆ ‘ಹೃದಯ ವೈಫಲ್ಯ’ ಅಂತ ಹಾಕಿ, ಬ್ರಾಕೆಟ್‌ನಲ್ಲಿ ‘ಹಾರ್ಟ್ ಫೇಲ್’ ಅಂತಲೂ ಸೇರಿಸಿದ್ದೆ. ಓದಿಸಿ ನೋಡುವಾಗ ಒಬ್ಬರು ಅಜ್ಜಿ ಕೈಪಿಡಿ ಮಡಚಿಟ್ಟು, ‘ಹಾರ್ಟ್ ಫೇಲ್ ಆದ್ಮೇಲೆ ಮಾತ್ರೆ ಯಾರಿಗಪ್ಪಾ ಕೊಡ್ತೀರಿ?’ ಅಂದರು. ನಮ್ಮ ಜನರಿಗೆ ಹಾರ್ಟ್ ಫೇಲ್ ಅಂದರೆ ಸಾವು. ಡಾಕ್ಟರ ಲೆಕ್ಕದಲ್ಲಿ ಹೃದಯ ನಿಂತಿರುವುದಿಲ್ಲ, ಮೈಗೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಆಗುತ್ತಿರುವುದಿಲ್ಲ, ಅಷ್ಟೇ. ಕಾಲು ಊದುತ್ತದೆ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಮಾತ್ರೆಯ ಮೇಲೆ ವರ್ಷಗಟ್ಟಲೆ ಬದುಕುವವರಿದ್ದಾರೆ. ಇಡೀ ಕೈಪಿಡಿ ವಾಪಸ್ ಬಂತು. ಬಿಲ್ಲಿನಲ್ಲಿ ಮೂರು ಸಾವಿರದಷ್ಟು ಹಿಡಿದುಕೊಂಡರು. ‘ಹೃದಯದ ಬಲ ಕುಗ್ಗಿದೆ’ ಅಂತ ತಿದ್ದಿ ಕೊಟ್ಟೆ.

ಆಮೇಲೆ ಹಠ ಬಂತು. ಹಳೇ ಫೈಲುಗಳಿಂದ ಸುಮಾರು ಆರು ನೂರು ‘ಫೇಲ್’ ವಾಕ್ಯ ಎಕ್ಸೆಲ್‌ಗೆ ಇಳಿಸಿದೆ. ಮೊದಲು ನಿಘಂಟಿನ ಅರ್ಥಗಳ ಪ್ರಕಾರ ವಿಂಗಡಿಸಿದೆ. ಎರಡು ತಿಂಗಳು ದಂಡ, ಒಂದೇ ವಾಕ್ಯ ಮೂರು ಮೂರು ಕಡೆ ಹೋಗಿ ಕೂರುತ್ತಿತ್ತು. ಆಮೇಲೆ ಅರ್ಥ ಬಿಟ್ಟು, ಫೇಲ್ ಆದದ್ದು ಯಾರು, ಏನು ಅಂತ ಮಾತ್ರ ನೋಡಿದೆ. ಬಾಗಿಲು ತೆರೆಯಿತು.

ಅರ್ಧಕ್ಕಿಂತ ಜಾಸ್ತಿ ‘ಫೇಲ್ಡ್ ಟು’ಗಳು ಬರೀ ‘ಇಲ್ಲ’ ಅಷ್ಟೇ. ‘ಹಾಜರಾಗಲು ವಿಫಲರಾದರು’ ಯಾಕೆ ಬೇಕು, ‘ಹಾಜರಾಗಲಿಲ್ಲ’ ಸಾಲದಾ? ಕಾನೂನು ಕಾಗದದಲ್ಲಿ ತಪ್ಪು ಹೊರಿಸುವ ದನಿ ಹೋಗುತ್ತದೆ ಅಂತ ಒಬ್ಬ ಎಡಿಟರ್ ಜಗಳ ತೆಗೆದರು. ಅದು ನಿಜವೇ. ಅಲ್ಲಿ ‘ಹಾಜರಾಗಬೇಕಿತ್ತು, ಹಾಜರಾಗಲಿಲ್ಲ’ ಅಂತ ಬರೆದೆ. ಸುಮ್ಮನಾದರು.

ಉಳಿದವಕ್ಕೆ ಕನ್ನಡದಲ್ಲಿ ಮಾತು ರೆಡಿ ಇದೆ. ಮಳೆ ಕೈಕೊಡುತ್ತದೆ, ಕಣ್ಣು ಮಂಜಾಗುತ್ತದೆ, ಬ್ಯಾಂಕ್ ಮುಳುಗುತ್ತದೆ, ಹುಡುಗ ಡುಮ್ಕಿ ಹೊಡೆಯುತ್ತಾನೆ. ಬ್ರೇಕ್ ಮಾತ್ರ ಫೇಲೇ ಆಗಬೇಕು, ಅದನ್ನು ಮುಟ್ಟಬೇಡಿ. ‘ಫೇಲಿಂಗ್ ವಿಚ್’ಗೆ ನೋಟಿಸುಗಳ ‘ತಪ್ಪಿದಲ್ಲಿ’ ಇದ್ದೇ ಇದೆ. ಅಂದಹಾಗೆ, ಫೇಲ್‌ನ ಲ್ಯಾಟಿನ್ ಬೇರು ‘ಫಾಲೆರೆ’, ಅಂದರೆ ಮೋಸ ಮಾಡು. ನಮ್ಮ ‘ಕೈಕೊಡು’ ಕೂಡ ಅದೇ ಅಲ್ವಾ!

ಪಾವತಿ ಆ್ಯಪ್‌ನ ‘ಪೇಮೆಂಟ್ ಫೇಲ್ಡ್’ಗೆ ಟೀ ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡಿದೆ. ‘ಹಣ ಹೋಗಿಲ್ಲ’ ಅಂತ ಬರೆದ ಚೀಟಿ ತೋರಿಸಿದರೆ ಗಿರಾಕಿ ‘ನನ್ನ ಖಾತೆಯಲ್ಲೇ ಇದೆ’ ಅಂದ, ಅಂಗಡಿಯವನು ‘ನನಗೆ ಬಂದಿಲ್ಲ’ ಅಂದ. ಇವೆರಡೂ ಒಂದೇ ಅಲ್ಲ, ಖಾತೆಯಿಂದ ಕಟ್ ಆಗಿ ಆ ಕಡೆ ಸೇರದೇ ಇರುವುದೂ ಉಂಟು. ಹನ್ನೆರಡು ಟೀ ಖರ್ಚಾದ ಮೇಲೆ ಎರಡು ಸಾಲು ಮಾಡಿದೆ: ‘ಅವರಿಗೆ ಹಣ ಸೇರಿಲ್ಲ’ ಒಂದು, ಖಾತೆಯ ವಿಷಯ ಇನ್ನೊಂದು.

‘ಫೇಲ್-ಸೇಫ್’ ಬಗ್ಗೆ ಸ್ವಲ್ಪ ಜಂಬ ಇದೆ ನನಗೆ. ಎಲ್ಲರೂ ‘ವಿಫಲವಾಗದ’ ಅಂತ ಬರೆಯುತ್ತಿದ್ದರು. ಪೂರ್ತಿ ಉಲ್ಟಾ! ರೈಲಿನ ಏರ್‌ಬ್ರೇಕ್ ನೋಡಿ. ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡದ ಗಾಳಿ ಇದ್ದಾಗ ಬ್ರೇಕ್ ಬಿಟ್ಟಿರುತ್ತದೆ. ಪೈಪ್ ಹರಿದರೆ ಗಾಳಿ ಇಳಿದು ಬ್ರೇಕ್ ತಾನೇ ಹಿಡಿಯುತ್ತದೆ. ‘ಕೆಟ್ಟರೂ ಕೇಡಿಲ್ಲದ’ ಅಂತ ಬರೆದೆ. ಈಗ ಬೇರೆಯವರ ಫೈಲಿನಲ್ಲೂ ಅದು ಕಾಣುತ್ತಿದೆ.

ವಾಪಸ್ ಬರುವ ಫೈಲು ಹತ್ತಕ್ಕೆ ನಾಲ್ಕಿದ್ದದ್ದು ಈಗ ಒಂದಕ್ಕೆ ಇಳಿದಿದೆ. ರೇಟೂ ನಲವತ್ತು ಪೈಸೆ ಏರಿತು. ಆ ಮೂರು ಸಾವಿರ ಮಾತ್ರ ಇವತ್ತಿಗೂ ಸೇರಿಲ್ಲ.